ಎರಡೇ ಸೆಕೆಂಡು ಕಂಡ ಎಕ್ಸ್-ರೇ

ಅಮ್ಮನ ಕೆಮ್ಮಿಗೆ ಐದು ವಾರ ತುಂಬಿತ್ತು. ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಅವಳ ಕೆಲಸ. ಒಗ್ಗರಣೆಯ ಘಾಟು, ಮೆಣಸಿನಕಾಯಿ ಹುರಿದದ್ದು, ಚಳಿಗಾಲದ ಧೂಳು ಎಂದು ವಾರಕ್ಕೊಂದು ಕಾರಣವನ್ನು ಅವಳೇ ಹುಡುಕಿ ಕೊಡುತ್ತಿದ್ದಳು. ಕಾರಣಗಳು ಮುಗಿದ ಮೇಲೂ ಕೆಮ್ಮು ಮುಗಿಯಲಿಲ್ಲ. ಆ ಶನಿವಾರ ನಾನು ಅವಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಭದ್ರಾವತಿಯಿಂದ ಶಿವಮೊಗ್ಗದ ಬಸ್ಸು ಹತ್ತಿದೆ. ವೈದ್ಯರೊಬ್ಬರು ಚೀಟಿ ಬರೆದರು. ಆ ಚೀಟಿ ಹಿಡಿದು ಸ್ಕ್ಯಾನಿಂಗ್ ಕೇಂದ್ರವೊಂದಕ್ಕೆ ಹೋದೆವು. ಅಮ್ಮ ತಣ್ಣಗಿನ ಹಲಗೆಗೆ ಎದೆ ಒತ್ತಿ, ಉಸಿರು ಹಿಡಿದು ನಿಂತು ಬಂದಳು. ಕೌಂಟರಿನ ಹೆಂಗಸು ಬಿಳಿ ಕಾಗದದ ಲಕೋಟೆಯಲ್ಲಿ ಒಂದು ಸಿಡಿ ಕೊಟ್ಟಳು.

‘ರಿಪೋರ್ಟ್ ಸೋಮವಾರ ಮೇಡಂ. ಡಾಕ್ಟರು ಊರಲ್ಲಿಲ್ಲ.’

‘ಫಿಲ್ಮ್ ಕೊಡಲ್ವಾ?’

‘ಈಗ ಫಿಲ್ಮ್ ಎಲ್ಲಿದೆ? ಎಲ್ಲಾ ಸಿಡಿ.’

‘ಈ ಸಿಡಿನ ನಾವು ಯಾವುದರಲ್ಲಿ ನೋಡೋದು?’

‘ನೀವ್ಯಾಕೆ ನೋಡ್ಬೇಕು? ಡಾಕ್ಟರ್ ನೋಡ್ತಾರೆ.’

‘ಯಾವ ಡಾಕ್ಟರು? ಊರಲ್ಲಿಲ್ಲ ಅಂದ್ರಲ್ಲ.’

ಅಮ್ಮ ನನ್ನ ಮೊಣಕೈ ಹಿಡಿದು ಹೊರಗೆ ಕರೆತಂದಳು. ‘ಬಾ ಮಾರಾಯ್ತಿ, ಹೋದಲ್ಲೆಲ್ಲ ಕೋರ್ಟು ತೆಗಿಬೇಡ’ ಎಂದಳು. ಎಂ.ಎ. ಓದುವಾಗ ವಿಶ್ವವಿದ್ಯಾಲಯದ ಹಾಸ್ಟೆಲಿನ ನೀರಿನಿಂದ ಹಿಡಿದು ಗ್ರಂಥಾಲಯದ ಬೀಗದವರೆಗೆ ನಾನು ಬರೆದ ಮನವಿಪತ್ರಗಳ ಬಗ್ಗೆ ಅವಳಿಗೆ ಗೊತ್ತಿತ್ತು. ‘ಉತ್ತರದಾಯಿತ್ವ’ ಎಂಬ ಪದವನ್ನು ನಾನು ಬಳಸುವಷ್ಟು ಸಲ ಅವಳು ಉಪ್ಪನ್ನೂ ಬಳಸುವುದಿಲ್ಲವೆಂದು ಗೇಲಿ ಮಾಡುತ್ತಿದ್ದಳು.

ಸಿಡಿ ಓದುವ ಯಂತ್ರ ಈಗ ಯಾರ ಮನೆಯಲ್ಲಿದೆ? ಫೋನಿಗೆ ಅದನ್ನು ತೂರಿಸಲು ಜಾಗವಿಲ್ಲ, ಹೊಸ ಲ್ಯಾಪ್‌ಟಾಪುಗಳಲ್ಲೂ ಇಲ್ಲ. ನಮ್ಮ ಮನೆಯಲ್ಲಿ ಮಾತ್ರ, ನಾನು ಪದವಿಗೆ ಸೇರಿದ ವರ್ಷ, ಮುಚ್ಚಿಹೋಗುತ್ತಿದ್ದ ಸೈಬರ್ ಅಂಗಡಿಯೊಂದರಿಂದ ತಂದ ಡೆಸ್ಕ್‌ಟಾಪ್ ಒಂದಿತ್ತು: ಹದಿನೇಳು ಇಂಚಿನ ಚಪ್ಪಟೆ ಮಾನಿಟರ್, ಪಕ್ಕದಲ್ಲಿ ಗುರುಗುಟ್ಟುವ ಸಿಪಿಯು ಡಬ್ಬ, ಅದರ ಹೊಟ್ಟೆಯಲ್ಲಿ ಸಿಡಿ ಡ್ರೈವ್. ಆಗೀಗ ಪರದೆ ನಸುಗೆಂಪಾಗುತ್ತಿತ್ತು. ಕೇಬಲ್ಲನ್ನು ಹಿಂದಿನಿಂದ ಒತ್ತಿದರೆ ಸರಿಹೋಗುತ್ತಿತ್ತು. ಅದಕ್ಕಿಂತ ದೊಡ್ಡ ಕಾಯಿಲೆ ಅದಕ್ಕೆ ಇರಬಹುದೆಂದು ನಾನು ಯೋಚಿಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿರುವಾಗ ನಾನು ಸಿಡಿ ಹಾಕಿದೆ. ಚಿತ್ರ ಪರದೆಯ ತುಂಬ ತೆರೆದುಕೊಂಡಿತು. ಪಕ್ಕೆಲುಬುಗಳ ಬಿಳಿ ಬಾಗು, ಅವುಗಳ ನಡುವೆ ಉಸಿರು ತುಂಬಿದ ಕಪ್ಪು. ಎಡಗಡೆಯ ಆ ಕಪ್ಪಿನಲ್ಲಿ, ತುಸು ಮೇಲೆ, ಹೆಬ್ಬೆರಳ ತುದಿಯಷ್ಟು ಅಗಲದ ಒಂದು ಬಿಳಿ ಮಚ್ಚೆ. ಅದಕ್ಕೆ ಅಂಚಿರಲಿಲ್ಲ, ಮಂಜಿನಲ್ಲಿ ಹಚ್ಚಿಟ್ಟ ದೀಪದಂತೆ ಸುತ್ತಲಿನ ಕಪ್ಪಿನೊಳಕ್ಕೆ ಕರಗುತ್ತಿತ್ತು.

ನಾನು ಆರನೆಯ ತರಗತಿಯಲ್ಲಿದ್ದಾಗ ಅಪ್ಪನ ಎಕ್ಸ್-ರೇ ಫಿಲ್ಮನ್ನು ಚಿಕ್ಕಪ್ಪ ಕಿಟಕಿಯ ಬೆಳಕಿಗೆ ಹಿಡಿದದ್ದನ್ನು ನೋಡಿದ್ದೆ. ಅಲ್ಲಿಯೂ ಹೀಗೆಯೇ ಬಿಳಿಯಿತ್ತು. ಕ್ಷಯವೆಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಯಾಕೆ ತಡವಾಯಿತು, ಯಾರು ಯಾವ ಕಾಗದವನ್ನು ಯಾರಿಗೆ ದಾಟಿಸಲಿಲ್ಲ ಎಂಬುದನ್ನು ನಮಗೆ ಯಾರೂ ಹೇಳಲಿಲ್ಲ. ನಾವು ಕೇಳಲೂ ಇಲ್ಲ. ಕೇಳಬಹುದೆಂಬುದೇ ನಮ್ಮ ಮನೆಗೆ ಗೊತ್ತಿರಲಿಲ್ಲ.

ಕುರ್ಚಿಯನ್ನು ಮುಂದಕ್ಕೆಳೆದು ಇನ್ನೊಮ್ಮೆ ನೋಡಲು ಬಾಗಿದೆ. ಪರದೆ ಕಪ್ಪಾಯಿತು.

ಕರೆಂಟು ಹೋಗಿರಲಿಲ್ಲ. ಫ್ಯಾನು ತಿರುಗುತ್ತಿತ್ತು, ಸಿಪಿಯು ಗುರುಗುಡುತ್ತಿತ್ತು, ಮಾನಿಟರಿನ ಮೂಲೆಯ ಹಸಿರು ದೀಪವೂ ಉರಿಯುತ್ತಿತ್ತು. ಮುಖ ಮಾತ್ರ ಸತ್ತಿತ್ತು. ಗುಂಡಿ ಒತ್ತಿ ಆರಿಸಿ ಮತ್ತೆ ಒತ್ತಿದೆ. ಪಕ್ಕೆಲುಬು, ಕಪ್ಪು, ಮಚ್ಚೆ. ಒಂದು, ಎರಡು. ಮತ್ತೆ ಕತ್ತಲೆ. ಇನ್ನೊಮ್ಮೆ ಒತ್ತಿದೆ. ಎರಡು ಸೆಕೆಂಡು ಕಂಡಿತು, ಹೋಯಿತು. ಎಷ್ಟು ಸಲ ಹಾಗೆ ಮಾಡಿದೆನೋ ತಿಳಿಯದು. ಪ್ರತಿ ಸಲವೂ ಮಚ್ಚೆ ಅಲ್ಲಿಯೇ ಇತ್ತು, ಪ್ರತಿ ಸಲವೂ ತುಸು ದೊಡ್ಡದಾದಂತೆ ಕಂಡಿತು.

‘ಏನೇ, ಏನ್ ಕಾಣ್ತು?’ ಅಮ್ಮ ಅಡುಗೆಮನೆಯಿಂದಲೇ ಕೂಗಿದಳು.

‘ಏನೂ ಇಲ್ಲಮ್ಮ. ಕೆಟ್ಟೋಗಿದೆ.’

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ‘ಕೆಟ್ಟಿದ್ದು ಯಾವ್ದು? ನನ್ನ ಎದೇನೋ, ನಿನ್ನ ಪೆಟ್ಟಿಗೇನೋ?’

‘ಪೆಟ್ಟಿಗೆ’ ಎಂದೆ. ಅವಳು ನಕ್ಕಳು, ನಗು ಕೆಮ್ಮಾಯಿತು, ಕೆಮ್ಮುತ್ತಲೇ ಕಾವಲಿಯ ಬಳಿಗೆ ಮರಳಿದಳು. ನಾನು ಹೇಳಿದ್ದು ಸುಳ್ಳಲ್ಲ ಎಂಬುದೇ ನನ್ನನ್ನು ಹೆಚ್ಚು ಹೆದರಿಸಿತು. ಪರದೆ ನಿಜಕ್ಕೂ ಕೆಟ್ಟಿತ್ತು. ಅದರ ಹಿಂದೆ ನಾನು ಅಡಗಿಕೊಂಡಿದ್ದೆ.

ಆ ಇಡೀ ದಿನ ರಿಪೇರಿ ಮಾಡಿದೆ. ಕೇಬಲ್ಲನ್ನು ಬಿಚ್ಚಿ, ಸೂಜಿಯಂತಹ ಅದರ ಕಾಲುಗಳಲ್ಲಿ ಯಾವುದಾದರೂ ಬಾಗಿದೆಯೇ ಎಂದು ನೋಡಿ ಮತ್ತೆ ಸಿಕ್ಕಿಸಿದೆ. ಕಾಲೇಜಿನ ದಿನಗಳಲ್ಲಿ ಯಾರೋ ಕಲಿಸಿದ್ದಂತೆ ಸಿಪಿಯು ಬಿಚ್ಚಿ, ಮೆಮೊರಿ ಪಟ್ಟಿಯನ್ನು ತೆಗೆದು, ಅದರ ಹಳದಿ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿದೆ. ಅದು ಅನಗತ್ಯವಾಗಿತ್ತು. ಕತ್ತಲ ಪರದೆಯ ಹಿಂದೆ ಕಂಪ್ಯೂಟರು ಎಂದಿನ ರಾಗ ಹಾಡಿ ಶುರುವಾಗುತ್ತಲೇ ಇತ್ತು. ದೋಷ ಡಬ್ಬದಲ್ಲಿಲ್ಲವೆಂಬುದಕ್ಕೆ ಅಷ್ಟು ಸಾಕಿತ್ತು. ಆದರೆ ಹೆದರಿದ ಕೈಗೆ ಕೆಲಸ ಬೇಕಿತ್ತು.

ಫೋನಿನಲ್ಲಿ ಸಿಕ್ಕ ವಿಡಿಯೊ ಒಂದರಲ್ಲಿ ಯಾರೋ ಹೇಳಿದ: ಕತ್ತಲಾದ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ, ಚಿತ್ರ ಮಸುಕಾಗಿ ಕಂಡರೆ ಕೆಟ್ಟಿರುವುದು ಹಿಂದಿನ ದೀಪ ಮಾತ್ರ. ಕಿಟಕಿ ಮುಚ್ಚಿ, ಫೋನಿನ ಟಾರ್ಚನ್ನು ಗಾಜಿಗೆ ತಾಗಿಸಿ ನೋಡಿದೆ. ಕಂಡಿತು. ಬೆಳಕಿನ ಸಣ್ಣ ವೃತ್ತದೊಳಗೆ ಅಮ್ಮನ ಪಕ್ಕೆಲುಬುಗಳು ಒಂದೊಂದಾಗಿ, ಬಾವಿಯ ತಳದಲ್ಲಿದ್ದಂತೆ. ಟಾರ್ಚನ್ನು ಮೆಲ್ಲನೆ ಎಡಕ್ಕೆ, ಮೇಲಕ್ಕೆ ಸರಿಸಿದೆ. ಮಚ್ಚೆ ಇದ್ದ ಜಾಗಕ್ಕೆ ಬಂದಾಗ ಅಲ್ಲಿ ಮಚ್ಚೆ ಇರಲಿಲ್ಲ. ಟಾರ್ಚು ಸಾಲದು ಎಂದುಕೊಂಡೆ. ಬೇರೆ ಅರ್ಥವಿರಬಹುದೆಂದು ನನಗೆ ಹೊಳೆಯಲಿಲ್ಲ. ಭಯ ತನಗೆ ಬೇಕಾದ ಸಾಕ್ಷಿಯನ್ನಷ್ಟೇ ಕರೆಯುತ್ತದೆ. ಉಳಿದವರನ್ನು ಬಾಗಿಲಿನಿಂದಲೇ ಕಳಿಸುತ್ತದೆ.

ಸೋಮವಾರ ಅಮ್ಮ ಶಾಲೆಗೆ ಹೊರಟ ಮೇಲೆ ಮಾನಿಟರನ್ನು ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ಸಿಡಿಯನ್ನು ಚೀಲಕ್ಕೆ ಹಾಕಿ ಖಾಸಗಿ ಬಸ್ಸು ಹತ್ತಿದೆ. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನನ್ನನ್ನು ನೋಡಿ ಕಂಡಕ್ಟರು, ‘ಏನಮ್ಮ, ಮಗೂನಾ?’ ಎಂದ. ‘ಟಿ.ವಿ.’ ಎಂದೆ. ‘ಹಂಗಾದ್ರೆ ಅರ್ಧ ಟಿಕೆಟ್ ತಗೋಬೇಕು’ ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ಶಿವಮೊಗ್ಗ ಬರುವವರೆಗೂ ಬಿ.ಎಚ್. ರಸ್ತೆಯ ಪ್ರತಿ ಉಬ್ಬಿನಲ್ಲೂ ಆ ಗಾಜಿನೊಳಗೆ ಅಮ್ಮನೇ ಇದ್ದಾಳೆಂಬಂತೆ ಅದನ್ನು ತಬ್ಬಿ ಹಿಡಿದೆ.

ನೆಹರೂ ರಸ್ತೆಗೆ ಸೇರುವ ಓಣಿಯೊಂದರಲ್ಲಿ ಹಳೆಯ ಮಾನಿಟರುಗಳನ್ನು ಈಗಲೂ ಮುಟ್ಟುವ ಒಬ್ಬರೇ ಮೆಕ್ಯಾನಿಕ್ ಇದ್ದರು. ಐವತ್ತೈದರ ಆಸುಪಾಸು, ಮೆಹಂದಿ ಹಚ್ಚಿದ ಗಡ್ಡ, ಮೂಗಿನ ತುದಿಗೆ ಜಾರಿದ ಕನ್ನಡಕ. ಅಂಗಡಿಯ ಮುಂದೆ ಬೈಕಿನ ಹಾರ್ನ್ ಒತ್ತುತ್ತಿದ್ದವನಿಗೆ ‘ಠೈರೋ ಜರಾ, ಸ್ವಲ್ಪ ತಡಿ!’ ಎಂದು ಗದರಿಸಿ, ನನ್ನ ಗಂಟನ್ನು ಮೇಜಿನ ಮೇಲೆ ಇಳಿಸಿಕೊಂಡರು. ಅವರ ಕಂಪ್ಯೂಟರಿಗೆ ಅದನ್ನು ಜೋಡಿಸಿ ಗುಂಡಿ ಒತ್ತಿದರು. ಬೆಳಕು ಬಂತು, ಎರಡು ಸೆಕೆಂಡಿಗೆ ಹೋಯಿತು.

‘ಇದಾ? ಇದಕ್ಯಾಕಮ್ಮ ಅಳೋ ಮುಖ ಮಾಡ್ಕೊಂಡ್ ಬಂದಿದೀಯ?’

ಹಿಂದಿನ ಕವಚ ಬಿಚ್ಚಿ, ಒಳಗಿನ ಹಸಿರು ಹಲಗೆಯ ಮೇಲೆ ಸಾಲಾಗಿ ನಿಂತ ಪುಟ್ಟ ಉರುಟು ಡಬ್ಬಿಗಳನ್ನು ಟೆಸ್ಟರಿನ ತುದಿಯಿಂದ ತೋರಿಸಿದರು. ಅವುಗಳಲ್ಲಿ ಎರಡರ ತಲೆ ಇಡ್ಲಿಯಂತೆ ಉಬ್ಬಿತ್ತು. ‘ಕೆಪಾಸಿಟರ್ ಹೋಗಿದೆ. ದೀಪ ಹತ್ಕೊಳ್ಳುತ್ತೆ, ನಿಲ್ಲಕ್ಕೆ ಶಕ್ತಿ ಇಲ್ಲ. ಅರ್ಧ ಗಂಟೆ ಕೂತ್ಕೋ.’

ಬೆಸುಗೆಯ ಹೊಗೆ ಎದ್ದಿತು. ನಾನು ಕೂತೆ. ಹೊಸ ಡಬ್ಬಿಗಳು ಕೂತ ಮೇಲೆ ಪರದೆ ಹೊತ್ತಿಕೊಂಡಿತು; ಎರಡು ಸೆಕೆಂಡು ದಾಟಿತು, ಹತ್ತು ದಾಟಿತು. ನಾನು ಚೀಲದಿಂದ ಸಿಡಿ ತೆಗೆದು ಕೊಟ್ಟೆ. ‘ಭಾಯ್, ಇದನ್ನ ಒಂದು ಸಲ ಹಾಕಿ.’

ಚಿತ್ರ ತೆರೆಯಿತು. ಮಚ್ಚೆ ಅಲ್ಲೇ ಇತ್ತು, ಈಗ ನಿಶ್ಚಲವಾಗಿ, ಬೇಕಾದಷ್ಟು ಹೊತ್ತು ನೋಡಿಕೋ ಎಂಬಂತೆ. ಬೆರಳಿನಿಂದ ತೋರಿಸಿದೆ.

ಅವರು ಮೂಗಿನ ಮೇಲೆ ಕನ್ನಡಕ ಏರಿಸಿದರು. ‘ಯಾರದ್ದು?’

‘ಅಮ್ಮಂದು.’

‘ಚಿತ್ರ ಸರಿಸಿ ನೋಡಿದ್ಯಾ?’

ಇಲ್ಲವೆಂದು ತಲೆಯಾಡಿಸಿದೆ. ಅವರು ಮೌಸ್ ಹಿಡಿದು ಚಿತ್ರವನ್ನು ಬಲಕ್ಕೆ ಎಳೆದರು. ಪಕ್ಕೆಲುಬುಗಳು ಸರಿದವು. ಮಚ್ಚೆ ಸರಿಯಲಿಲ್ಲ, ಇದ್ದಲ್ಲೇ ನಿಂತು ಈಗ ಭುಜದ ಮೂಳೆಯ ಮೇಲೆ ಹೊಳೆಯುತ್ತಿತ್ತು. ಚಿತ್ರವನ್ನೇ ಮುಚ್ಚಿ ಬರೀ ಕಪ್ಪು ಪರದೆ ಇಟ್ಟರು. ಆಗಲೂ ಇತ್ತು.

‘ಎದೇದಲ್ಲ, ಪರದೇದು. ಒಳಗೆ ಬೆಳಕು ಹರಡೋ ಹಾಳೆ ಇರುತ್ತೆ, ಅದು ಒತ್ತಿ ಹೋಗಿದೆ. ದೀಪ ಇದ್ರೆ ಮಾತ್ರ ಕಾಣುತ್ತೆ, ಅದೂ ಕಪ್ಪು ಚಿತ್ರದ ಮೇಲೆ. ಬಿಳಿ ಹಾಳೇಲಿ ಗೊತ್ತೇ ಆಗಲ್ಲ.’ ಸ್ವಲ್ಪ ತಡೆದು ಕೇಳಿದರು: ‘ಆಯುಧಪೂಜೆಗೆ ಬೊಟ್ಟು ಎಲ್ಲಿಡ್ತೀರಿ?’

ಕಣ್ಣ ಮುಂದೆ ಬಂತು. ಪ್ರತಿ ವರ್ಷ ಮಾನಿಟರಿನ ನಡುವಿಗೆ ನಾನು ಸೇವಂತಿಗೆ ಹಾರ ಇಳಿಬಿಡುತ್ತಿದ್ದೆ. ಹಾರದ ಪಕ್ಕದಲ್ಲಿ, ತುಸು ಎಡಕ್ಕೆ, ಅಮ್ಮ ಗಂಧ ಕಲೆಸಿದ ಕುಂಕುಮವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಇಡುತ್ತಿದ್ದಳು. ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಇಟ್ಟರೆ ಅದು ನಿಲ್ಲುವುದಿಲ್ಲವೆಂದು ಅವಳ ವಾದ. ಮೂರು ದಿನ ಕಳೆದು ಒಣಗಿ ಹತ್ತಿಕೊಂಡದ್ದನ್ನು ಒದ್ದೆ ಬಟ್ಟೆಯಿಂದ ಉಜ್ಜಿ ತೆಗೆಯುತ್ತಿದ್ದವಳು ನಾನು. ಒತ್ತಿದ್ದು ಅವಳು, ಉಜ್ಜಿದ್ದು ನಾನು.

‘ದಸರಾ ನಿಮ್ಗೆ ಒಂದ್ ಸಲ, ನಂಗೆ ಎರಡ್ ಸಲ’ ಎಂದರು ಮೆಕ್ಯಾನಿಕ್. ‘ನಿಮ್ದು ಮುಗಿದ ಮಾರನೇ ವಾರ ಇಂಥವು ಸಾಲಾಗಿ ಬರ್ತವೆ. ಅಂಚಿಗೆ ಇಡ್ರಪ್ಪ ಅಂತೀನಿ. ಹಣೆ ಬಿಟ್ಟು ಕಿವಿಗೆ ಬೊಟ್ಟಿಡಕ್ಕಾಗುತ್ತಾ ಅಂತಾರೆ.’

ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಅವರು ಅದೇ ಸಿಡಿಯನ್ನು ತಮ್ಮ ಸ್ವಂತ ಮಾನಿಟರಿನಲ್ಲಿ ತೆರೆದು ತೋರಿಸಿದರು. ಮಚ್ಚೆ ಇರಲಿಲ್ಲ. ಆದರೆ ಆ ಸ್ಪಷ್ಟವಾದ ಪರದೆಯಲ್ಲಿ, ಇನ್ನೊಂದು ಬದಿಯ ಮೇಲ್ತುದಿಯಲ್ಲಿ, ಕೊರಳೆಲುಬಿನ ಕೆಳಗೆ, ನಾಲ್ಕಾರು ಬಿಳಿ ಗೀರುಗಳು ಕಂಡವು; ನನ್ನ ನಸುಗೆಂಪು ಪರದೆ ಅವನ್ನು ತೋರಿಸಿಯೇ ಇರಲಿಲ್ಲ. ‘ಇದೇನು ಭಾಯ್?’ ಎಂದೆ. ಚಿತ್ರವನ್ನು ಅವರೇ ಸರಿಸಿದರು. ಗೀರುಗಳೂ ಜೊತೆಗೆ ಸರಿದವು.

ಅವರು ಮೌಸಿನಿಂದ ಕೈ ತೆಗೆದರು. ‘ಪರದೆ ಬಗ್ಗೆ ಏನ್ ಬೇಕಾದ್ರೂ ಕೇಳು, ಬರೆದು ಸಹಿ ಹಾಕ್ಕೊಡ್ತೀನಿ. ಎದೆ ಬಗ್ಗೆ ನಾನು ಬಾಯಿ ಬಿಡೋದು ತಪ್ಪು. ಹೋಗಿ ಗೊತ್ತಿರೋರನ್ನ ಕೇಳು.’

ಆ ಗಂಟನ್ನು ಆಮೇಲೆ ಒಯ್ಯುತ್ತೇನೆಂದು ಅಲ್ಲೇ ಬಿಟ್ಟು ಸ್ಕ್ಯಾನಿಂಗ್ ಕೇಂದ್ರಕ್ಕೆ ನಡೆದೆ. ತನಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬ ಗೆರೆಯನ್ನು ಓಣಿಯ ಮೆಕ್ಯಾನಿಕ್ ಒಬ್ಬರು ಅಷ್ಟು ನೇರವಾಗಿ ಎಳೆದಿದ್ದರು. ಆ ಗೆರೆಯ ಆಚೆ ಬದಿಯಲ್ಲಿ ನಿಲ್ಲಬೇಕಾದವರು ಎಲ್ಲಿದ್ದರು?

ಕೌಂಟರಿನಲ್ಲಿ ಶನಿವಾರದ ಅದೇ ಹೆಂಗಸು. ‘ಬಂತು ಮೇಡಂ, ರಿಪೋರ್ಟ್ ರೆಡಿ’ ಎಂದು ಕಾಗದ ನೀಡಿದಳು. ‘ನಾರ್ಮಲ್.’

ಎರಡು ದಿನದಿಂದ ನಾನು ಬೇಡಿಕೊಂಡದ್ದು ಆ ಒಂದು ಪದವನ್ನೇ. ಕಾಗದವನ್ನು ಮಡಚಿ ಚೀಲಕ್ಕೆ ಹಾಕಿ ಬಸ್‌ಸ್ಟ್ಯಾಂಡಿಗೆ ಓಡಿಬಿಡಬಹುದಿತ್ತು. ಮಡಚುವ ಮುನ್ನ ಕಣ್ಣಾಡಿಸಿದೆ. ಹೆಸರು ಅಮ್ಮನದು. ವಯಸ್ಸು ಬೇರೆ ಯಾರದೋ. ಲಿಂಗದ ಜಾಗದಲ್ಲಿ ಪುರುಷ ಎಂದಿತ್ತು. ಎರಡೂ ಶ್ವಾಸಕೋಶಗಳು ಸಹಜವಾಗಿವೆ ಎಂಬ ಮುದ್ರಿತ ವಾಕ್ಯದ ಕೆಳಗೆ, ಸಹಿಯ ಗೆರೆಯ ಮೇಲೆ ಖಾಲಿ.

‘ಇದನ್ನ ನೋಡಿದ್ದು ಯಾರು?’ ಎಂದೆ.

‘ಅದು ಟೈಪಿಂಗ್ ಮಿಸ್ಟೇಕ್ ಮೇಡಂ, ತಿದ್ಕೊಡ್ತೀನಿ.’

‘ವಯಸ್ಸಲ್ಲ. ಚಿತ್ರ. ಚಿತ್ರ ನೋಡಿ ನಾರ್ಮಲ್ ಅಂದಿದ್ದು ಯಾರು?’

‘ಡಾಕ್ಟರ್ ಬರ್ತಾರೆ, ಸಹಿ ಹಾಕ್ತಾರೆ.’

‘ಅಂದ್ರೆ ಇನ್ನೂ ನೋಡಿಲ್ಲ. ನೋಡದೇ ಇರೋದಕ್ಕೆ ಕಾಗದ ಹೇಗೆ ಬಂತು?’

ಹಿಂದಿನ ಸಾಲಿನಿಂದ ಒಬ್ಬ ಗೊಣಗಿದ: ‘ನಾರ್ಮಲ್ ಬಂದ್ರೂ ಜಗಳಕ್ಕೆ ನಿಂತಿದಾಳಲ್ಲ ಮಾರಾಯ.’ ಯಾರೋ ನಕ್ಕರು. ಅವನಲ್ಲಿ ತಪ್ಪಿಲ್ಲ. ಆ ಕ್ಷಣ ನನಗೂ ಜಗಳ ಬೇಡವಾಗಿತ್ತು. ವಿಶ್ವವಿದ್ಯಾಲಯದಲ್ಲಿ ನಾನು ಕೇಳಿದ ಪ್ರಶ್ನೆಗಳಿಗೆ ಬರಬಹುದಾಗಿದ್ದ ಉತ್ತರದಿಂದ ನನಗೆ ನಷ್ಟವಿರಲಿಲ್ಲ. ಅಲ್ಲಿ ಧೈರ್ಯ ಅಗ್ಗವಾಗಿತ್ತು. ಇಲ್ಲಿ ಬಾಯಿ ಮುಚ್ಚಿದರೆ ಅಮ್ಮ ಆರೋಗ್ಯವಂತೆ, ಬಾಯಿ ತೆರೆದರೆ ಏನೋ ಗೊತ್ತಿಲ್ಲ. ಕೊರಳೆಲುಬಿನ ಕೆಳಗಿನ ಆ ಗೀರುಗಳು ನೆನಪಾದವು. ಅಪ್ಪನ ಕಾಲದಲ್ಲಿ ಇಂಥದೇ ಒಂದು ಕೌಂಟರಿನಿಂದ ಇಂಥದೇ ಒಂದು ಕಾಗದವನ್ನು ಯಾರಾದರೂ ಸಮಾಧಾನದಿಂದ ಮಡಚಿಕೊಂಡು ಬಂದಿದ್ದರೇ?

‘ಡಾಕ್ಟರ್ ನೋಡೋ ತನಕ ನಾನು ಇಲ್ಲಿಂದ ಹೋಗಲ್ಲ’ ಎಂದು ಕೂತೆ.

ಕೇಂದ್ರದ ವೈದ್ಯರು ಮಧ್ಯಾಹ್ನ ಬಂದರು. ಕೌಂಟರಿನ ಹೆಂಗಸು ಪಿಸುಗುಟ್ಟಿದ್ದನ್ನು ಕೇಳಿ, ಸಿಡುಕಿನಿಂದಲೇ ನನ್ನನ್ನು ಒಳಗೆ ಕರೆದು ಕುರ್ಚಿ ತೋರಿಸಿದರು. ದೊಡ್ಡ ಪರದೆಯ ಮೇಲೆ ಅಮ್ಮನ ಎದೆ ತೆರೆಯಿತು. ಅವರು ಬೆಳಕು ಹೆಚ್ಚಿಸಿದರು, ತಗ್ಗಿಸಿದರು, ಮೇಲ್ತುದಿಯನ್ನು ಹಿಗ್ಗಿಸಿದರು. ಸಿಡುಕು ಇಳಿಯಿತು.

‘ನಿಮ್ಮ ತಾಯಿಗೆ ಮುಂಚೆ ಟಿ.ಬಿ. ಆಗಿತ್ತಾ?’

‘ಇಲ್ಲ. ಅಪ್ಪಂಗೆ ಆಗಿತ್ತು.’

‘ತಾಯಿಗೆ?’

‘ಇಲ್ಲ ಸರ್.’

‘ಒಂದ್ಸಲ ಕೇಳಿ. ಇದು ಹಳೇದು, ವಾಸಿಯಾಗಿರೋ ಗುರುತಿನ ಹಾಗಿದೆ. ಆದ್ರೆ ಇಷ್ಟು ದಿನದ ಕೆಮ್ಮಿದ್ದಾಗ ಸುಮ್ಮನೆ ಬಿಡೋ ಹಾಗಿಲ್ಲ. ಸರ್ಕಾರಿ ಆಸ್ಪತ್ರೇಲಿ ಕಫ ಪರೀಕ್ಷೆ ಮಾಡಿಸಿ.’

ಅವರು ಹೊಸ ವರದಿ ಬರೆದು ಸಹಿ ಹಾಕಿದರು. ಹಳೆಯದನ್ನು ಹರಿಯಲು ಕೈ ಚಾಚಿದರು, ನಾನು ಕೊಡಲಿಲ್ಲ. ‘ಇಂಥ ಕಾಗದ ತಗೊಂಡು ಇಲ್ಲಿಂದ ಎಷ್ಟು ಜನ ಮನೆಗೆ ಹೋಗಿದಾರೆ ಸರ್?’ ಎಂದೆ. ಅವರು ಮುಂದಿನ ರೋಗಿಯನ್ನು ಕರೆದರು. ಆ ಕಾಗದವನ್ನು ಲಗತ್ತಿಸಿ ಆರೋಗ್ಯ ಇಲಾಖೆಗೆ ದೂರು ಕೊಟ್ಟಿದ್ದೇನೆ. ಅವರು ಉತ್ತರಿಸದ ಪ್ರಶ್ನೆಯನ್ನೇ ಅದರಲ್ಲಿ ಮೊದಲು ಬರೆದಿದ್ದೇನೆ. ಇದನ್ನು ಬರೆಯುವವರೆಗೂ ಉತ್ತರ ಬಂದಿಲ್ಲ. ಕೇಳುವುದನ್ನು ನಾನು ನಿಲ್ಲಿಸಿಯೂ ಇಲ್ಲ.

ಸಂಜೆ ಮನೆಗೆ ಬಂದಾಗ ಅಮ್ಮ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ: ಮಚ್ಚೆ, ಭಾನುವಾರ ನಾನು ಮುಚ್ಚಿಟ್ಟದ್ದು, ಅವಳ ಹೆಬ್ಬೆರಳು, ಗೀರುಗಳು. ಹೆಬ್ಬೆರಳಿನ ಮಾತಿಗೆ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಗೀರುಗಳ ಮಾತಿಗೆ ಮೊರ ಅಲುಗುವುದು ನಿಂತಿತು.

‘ನಿಮ್ಮಪ್ಪ ಹೋದ ವರ್ಷ ನಂಗೂ ಬಂದಿತ್ತು’ ಎಂದಳು. ‘ಆರು ತಿಂಗಳು ಮಾತ್ರೆ ನುಂಗಿದೀನಿ. ರಕ್ತ ಹೆಚ್ಚೋ ಮಾತ್ರೆ ಅಂತ ನಿಂಗೆ ಹೇಳ್ತಿದ್ದೆನಲ್ಲ, ಅದೇ.’

‘ನಾನು ನಿನ್ನ ಪಕ್ಕದಲ್ಲೇ ಮಲಗ್ತಿದ್ದೆ.’

‘ಗೋಡೆ ಕಡೆ ತಿರುಗಿ ಮಲ್ಕೋ ಅಂತ ಯಾಕೆ ಬೈತಿದ್ದೆ ಮತ್ತೆ? ನಿನ್ನನ್ನೂ ಪರೀಕ್ಷೆ ಮಾಡ್ಸಿದ್ದೆ, ಹುಳದ ಔಷಧಿಗೆ ಅಂತ ಸುಳ್ಳು ಹೇಳಿ ಕರ್ಕೊಂಡ್ ಹೋಗಿ. ನಿಂಗೇನೂ ಇರ್ಲಿಲ್ಲ.’

‘ಇಷ್ಟು ವರ್ಷ ಯಾಕೆ ಹೇಳ್ಲಿಲ್ಲಮ್ಮ?’

‘ಗೊತ್ತಾಗಿದ್ರೆ ಕ್ಲಾಸಲ್ಲಿ ನಿನ್ನ ಪಕ್ಕ ಯಾರು ಕೂರ್ತಿದ್ರು? ನಂಗೆ ಅಡುಗೆ ಕೆಲಸ ಯಾರು ಕೊಡ್ತಿದ್ರು?’ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ‘ಎಲ್ಲಾರ ಹತ್ರಾನೂ ಉತ್ತರ ಕೇಳ್ತೀಯ. ಈ ಐದು ವಾರ ಕೆಮ್ಮಿದೀನಿ. ಯಾಕಮ್ಮ ಆಸ್ಪತ್ರೆಗೆ ಹೆದರ್ತೀಯ ಅಂತ ಒಂದ್ಸಲ ಕೇಳಿದ್ಯಾ? ಎಳ್ಕೊಂಡ್ ಹೋದೆ, ಅಷ್ಟೇ.’

ಅವಳ ಕೈಯಿಂದ ಮೊರ ತೆಗೆದುಕೊಂಡು ಉಳಿದ ಅಕ್ಕಿಯನ್ನು ನಾನೇ ಕೇರಿದೆ.

ಮಾರನೆಯ ಬೆಳಿಗ್ಗೆ ಇಬ್ಬರೂ ಭದ್ರಾವತಿಯ ಸರ್ಕಾರಿ ಆಸ್ಪತ್ರೆಗೆ ಹೋದೆವು. ಸಾಲಿನಲ್ಲಿ ನಮ್ಮ ಮುಂದೆ ನಮ್ಮದೇ ಬೀದಿಯ ಇಬ್ಬರು ಹೆಂಗಸರಿದ್ದರು. ಅಮ್ಮ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ನಮ್ಮ ಸರದಿ ಬಂದಾಗ ನರ್ಸ್ ಫಾರ್ಮಿನಿಂದ ತಲೆಯೆತ್ತದೆ ಕೇಳಿದಳು: ‘ಮುಂಚೆ ಟಿ.ಬಿ. ಚಿಕಿತ್ಸೆ ತಗೊಂಡಿದೀರಾ?’

ತಮ್ಮ ಫಾರ್ಮು ಬರೆಸಿ ಪಕ್ಕಕ್ಕೆ ಸರಿದಿದ್ದ ಆ ಇಬ್ಬರೂ ತಿರುಗಿ ನೋಡಿದರು. ನಾನು ಬಾಯಿ ತೆರೆದೆ. ಅಮ್ಮ ನನ್ನ ಕೈ ಜಗ್ಗಿ ಸುಮ್ಮನಿರಿಸಿದಳು.

‘ಹೂಂ’ ಎಂದಳು, ಸಾಲಿನ ಕೊನೆಯವರೆಗೂ ಕೇಳುವಂತೆ. ‘ಆರು ತಿಂಗಳು. ಪೂರ್ತಿ ತಗೊಂಡಿದೀನಿ. ಬರ್ಕೊಳ್ಳಿ.’

ಎರಡು ದಿನದ ಮೇಲೆ ಫಲಿತಾಂಶ ಬಂತು. ಕಫದಲ್ಲಿ ಕ್ಷಯವಿರಲಿಲ್ಲ. ಕೆಮ್ಮು ಒಗ್ಗರಣೆಯದೇ ಇರಬೇಕೆಂದು ಆಸ್ಪತ್ರೆಯ ವೈದ್ಯೆ ಹೇಳಿ, ಮೂರು ವಾರಕ್ಕೆ ಔಷಧಿ ಬರೆದುಕೊಟ್ಟು, ಕಡಿಮೆಯಾಗದಿದ್ದರೆ ಮತ್ತೆ ಬರಲು ಹೇಳಿದರು. ಅಮ್ಮ ಚೀಟಿಯನ್ನು ರವಿಕೆಯೊಳಗೆ ಸೇರಿಸಿ, ಹತ್ತು ಗಂಟೆಗೆ ಬೇಳೆ ಬೇಯಬೇಕೆಂದು ಶಾಲೆಯ ಕಡೆ ಬಿರಬಿರನೆ ನಡೆದಳು. ಅವಳ ಕೆಮ್ಮು ಕೇಳಿಸದಷ್ಟು ದೂರ ಅವಳು ಹೋಗುವವರೆಗೂ ನಾನು ಅಲ್ಲೇ ನಿಂತಿದ್ದೆ.